ಹೇಳದೆ ಬಂದ ಮನೆಯ ಚಾಪೆ

ಕಳೆದ ವರ್ಷ ಜೂನ್ ತಿಂಗಳ ಕೊನೆಯ ಶುಕ್ರವಾರ, ನೈರೋಬಿಯ ಅಪ್ಪರ್ ಹಿಲ್‌ನಲ್ಲಿರುವ ಒಂದು ಬ್ಯಾಂಕಿನ ನೆಟ್‌ವರ್ಕ್ ವಿಭಾಗದಿಂದ ಮೈಸೂರಿನವರೊಬ್ಬರು ನಿವೃತ್ತರಾದರು. ಮರುದಿನ ಮಧ್ಯಾಹ್ನ ವಿಮಾನ ಹತ್ತಿದರು. ಮೈಸೂರಿಗಲ್ಲ, ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಿಗೆ, ಒಬ್ಬರೇ. ಅವರ ಸೂಟ್‌ಕೇಸಿನಲ್ಲಿ ನಾಲ್ಕು ಪಂಚೆ, ಒಂದು ಡಬ್ಬಿ ಹುರಿದ ಅವಲಕ್ಕಿ ಮತ್ತು ಒಂದು ತುರಿಮಣೆ ಇದ್ದವು.

ತುರಿಮಣೆ ಯಾಕೆ ಎಂಬುದು ಆಮೇಲೆ ಬರುತ್ತದೆ.

ಅವರು ಸೌತ್ ಬಿ ಬಡಾವಣೆಯಲ್ಲಿ ನಮ್ಮ ಕಾಂಪೌಂಡಿನಲ್ಲೇ, ಎದುರು ಬ್ಲಾಕಿನ ಎರಡನೆಯ ಮಹಡಿಯಲ್ಲಿದ್ದರು. ಏಳು ವರ್ಷದ ಪರಿಚಯ. ಹೆಸರು ಹಾಕುವುದು ಬೇಡ ಎಂದಿದ್ದಾರೆ, ಹಾಕುವುದಿಲ್ಲ. ಕಾಂಪೌಂಡಿನ ಮಕ್ಕಳು ಅವರನ್ನು ಐಲ್ಯಾಂಡ್ ಅಂಕಲ್ ಎನ್ನುತ್ತಿದ್ದರು. ದೊಡ್ಡವರು ಬೆನ್ನ ಹಿಂದೆ ಅದನ್ನೇ ಎನ್ನುತ್ತಿದ್ದರು. ಇಲ್ಲಿ ಬರೆದದ್ದರಲ್ಲಿ ಕೆಲವನ್ನು ನಾನು ಕಣ್ಣಾರೆ ನೋಡಿದ್ದೇನೆ, ಕೆಲವು ಅವರು ಹೇಳಿದ್ದು, ಉಳಿದದ್ದಕ್ಕೆ ಅವರ ಹೆಂಡತಿ ಮೂಲ. ಇಬ್ಬರ ಮಾತು ಹೊಂದದ ಕಡೆ ಹೆಂಡತಿಯ ಮಾತನ್ನು ತೆಗೆದುಕೊಂಡಿದ್ದೇನೆ.

ನೈರೋಬಿಯಲ್ಲಿ ಅವರಷ್ಟು ಹೆದರುವ ಮನುಷ್ಯನನ್ನು ನಾನು ನೋಡಿಲ್ಲ. ಸೌತ್ ಬಿಯಿಂದ ಅಪ್ಪರ್ ಹಿಲ್‌ಗೆ ನಮ್ಮ ಗೇಟಿನ ಮುಂದೆಯೇ ಮಟಾಟು ಎಂಬ ಬಾಡಿಗೆ ವ್ಯಾನು ಸಿಗುತ್ತದೆ. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವರು ಹತ್ತಲಿಲ್ಲ. "ಅದರೊಳಗೆ ಹಾಡು ಎಷ್ಟು ಜೋರಾಗಿರುತ್ತೆ ಅಂದ್ರೆ, ಇಳಿಯೋ ಜಾಗ ಬಂತು ಅಂತ ಹೇಗ್ರೀ ಹೇಳೋದು?" ಎನ್ನುತ್ತಿದ್ದರು. ಹೋಟೆಲಿಗೆ ಒಬ್ಬರೇ ಹೋಗುತ್ತಿರಲಿಲ್ಲ. ರಸ್ತೆ ದಾಟಬೇಕಾದರೆ ದಾಟುವ ಇನ್ನೊಬ್ಬರು ಬರುವ ತನಕ ಕಾಯುತ್ತಿದ್ದರು. ಮೈಕ್ ಕಂಡರೆ ಮುಖ ಬಿಳಿಚಿಕೊಳ್ಳುತ್ತಿತ್ತು. ಒಂದು ವರ್ಷ ಗಣೇಶನ ಹಬ್ಬದಲ್ಲಿ ಇಲ್ಲಿನ ಕನ್ನಡದವರೆಲ್ಲ ಸೇರಿ ಒತ್ತಾಯ ಮಾಡಿ ವಂದನಾರ್ಪಣೆಗೆ ನಿಲ್ಲಿಸಿದರು. ಅವರು ಮೈಕ್ ಹಿಡಿದು "ಎಲ್ಲರಿಗೂ" ಎಂದರು. ಮುಂದೆ ಮಾತು ಬರಲಿಲ್ಲ. ಕೂತುಬಿಟ್ಟರು. "ವಂದನೆಗಳು" ಎಂಬುದನ್ನು ಸಭಿಕರೇ ಹೇಳಿಕೊಂಡರು.

ಈ ಮನುಷ್ಯ ವರ್ಷಕ್ಕೊಮ್ಮೆ ಮೂರು ವಿಮಾನ ಬದಲಾಯಿಸಿ, ಭೂಗೋಳದ ಆಚೆ ಬದಿಗೆ, ಭಾಷೆ ಬಾರದ ದ್ವೀಪಗಳಿಗೆ ಒಬ್ಬರೇ ಹೋಗುತ್ತಿದ್ದರು. ಟೋಂಗಾಕ್ಕೆ ಒಮ್ಮೆ, ಕುಕ್ ದ್ವೀಪಗಳಿಗೆ ಒಮ್ಮೆ, ಮಿಕ್ಕ ಎಲ್ಲ ಸಲ ಸಮೋವಾಕ್ಕೆ.

ಶುರುವಾದದ್ದು ಹೇಗೆ ಎಂದು ಕೇಳಿದ್ದೆ. ಅವರ ಆಫೀಸಿನ ಗೋಡೆಯ ಮೇಲೆ ಸಮುದ್ರದಡಿಯ ಕೇಬಲ್‌ಗಳ ಪ್ರಪಂಚ ನಕ್ಷೆ ಇತ್ತು. ಮೊಂಬಾಸಾ ಬಳಿ ಕೇಬಲ್ ಕೆಟ್ಟರೆ ಬ್ಯಾಂಕಿನ ಎಲ್ಲ ಶಾಖೆಗಳೂ ಅವರಿಗೆ ಫೋನ್ ಮಾಡುತ್ತಿದ್ದವು. ರಿಪೇರಿ ಹಡಗು ಬರುವ ತನಕ ಮಾಡುವುದೇನೂ ಇಲ್ಲ. ಫೋನ್ ಕಿವಿಗೆ ಹಿಡಿದು "ಆಗ್ತಾ ಇದೆ, ಆಗ್ತಾ ಇದೆ" ಎನ್ನುತ್ತಾ ನಕ್ಷೆ ನೋಡುವುದು. ನಕ್ಷೆಯ ಬಲತುದಿಯ ದೊಡ್ಡ ನೀಲಿಯಲ್ಲಿ ಸಾಸಿವೆ ಸಿಡಿದ ಹಾಗೆ ಚುಕ್ಕಿಗಳಿದ್ದವು, ಅವುಗಳಿಗೂ ಒಂದೊಂದು ಎಳೆ ಹೋಗಿತ್ತು.

"ಅಷ್ಟು ದೂರಕ್ಕೆ ಯಾರೋ ತಂತಿ ಎಳೆದಿದಾರೆ ಅಂದ್ರೆ, ಆ ಕಡೆ ಯಾರೋ ಮಾತಾಡೋಕೆ ಕಾಯ್ತಿರಬೇಕಲ್ವಾ? ಹೋಗಿ ನೋಡ್ಬೇಕು ಅನ್ನಿಸ್ತು," ಎಂದರು.

ಅವರ ಹೆಂಡತಿ ಉಡುಪಿ ಕಡೆಯವರು. ಮದುವೆಯಾಗಿ ಮೂವತ್ತು ವರ್ಷವಾದರೂ ಮೈಸೂರಿನ ಕನ್ನಡಕ್ಕೆ ಒಗ್ಗಿದವರಲ್ಲ. ದೋಣಿ, ಹಡಗು, ಸಣ್ಣ ವಿಮಾನ, ಮೂರರಲ್ಲೂ ಅವರಿಗೆ ವಾಂತಿ. ಗಂಡ ಒಬ್ಬರೇ ಹೋಗುವುದರ ಬಗ್ಗೆ ಕಾಂಪೌಂಡಿನಲ್ಲಿ ಗುಸುಗುಸು ಇತ್ತು. ಅಲ್ಲಿ ಯಾರೋ ಇದ್ದಾರೆ ಎಂಬ ಮಟ್ಟಕ್ಕೂ ಹೋಗಿತ್ತು. ಅದು ಅವರ ಕಿವಿಗೂ ಬಿದ್ದಿತ್ತು.

"ಇವರಿಗೆ ಇನ್ನೊಂದು ಸಂಸಾರವಾ? ಇದ್ದೊಂದು ಸಂಸಾರದಲ್ಲಿ ಸಕ್ಕರೆ ಡಬ್ಬಿ ಎಲ್ಲಿ ಉಂಟು ಅಂತ ಗೊತ್ತಿಲ್ಲ ಮಾರಾಯ್ರೆ," ಎಂದು ನಕ್ಕಿದ್ದರು. "ಹೋಗ್ಲಿ. ಊರು ಸುತ್ತೂದು ಅವರು, ರಜೆ ನಂಗೆ."

ಮೊದಲ ಸಲ ಹೋಗಿ ಬಂದಾಗ ಅವರು ಹೇಳಿದ್ದು ಸಮುದ್ರದ ಬಣ್ಣವನ್ನಲ್ಲ, ಕೂರುವುದನ್ನು. ಆಫೀಸಿನಲ್ಲಿ ಅವರು ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ನಾನೇ ನೋಡಿದ್ದೇನೆ. ಚಕ್ರದ ಕುರ್ಚಿ, ಮೇಲೆ ಟೈ ಕಟ್ಟಿದ ಮನುಷ್ಯ, ಕಾಲು ಮಡಚಿ ಊಟಕ್ಕೆ ಕೂತ ಹಾಗೆ. ಬೂಟು ಕೆಳಗೆ ಜೋಡಿಯಾಗಿರುತ್ತಿತ್ತು. ಸಹೋದ್ಯೋಗಿಗಳು ಯೋಗಿ ಎಂದು ರೇಗಿಸುತ್ತಿದ್ದರು. ಸಮೋವಾದ ಹಳ್ಳಿಯ ಮನೆಗಳಿಗೆ ಗೋಡೆಯಿಲ್ಲ. ದುಂಡಗೆ ಕಂಬಗಳು, ಮೇಲೆ ಮಾಡು, ನೆಲದ ಮೇಲೆ ಚಾಪೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕಾಲು ಮಡಚಿ ಕೂರಬೇಕು. ಪಾದ ಯಾರ ಕಡೆಗೂ ಚಾಚಬಾರದು. ನಿಂತುಕೊಂಡು ಮಾತಾಡಬಾರದು.

"ಬೇರೆ ಟೂರಿಸ್ಟ್‌ಗಳೆಲ್ಲ ಮಂಡಿ ನೋವು ಅಂತ ಒದ್ದಾಡ್ತಿದ್ರು. ನಾನು ಊಟ ಮುಗಿದ ಮೇಲೂ ಎದ್ದೇಳಲಿಲ್ಲ. ಆ ಮನೆ ಯಜಮಾನ ಹೆಂಡತಿಗೆ ಏನೋ ಹೇಳಿದ. ಏನಂದ್ರು ಅಂತ ಅವರ ಮಗಳನ್ನ ಕೇಳಿದೆ. ಇವನಿಗೆ ಮನೆಯವರು ಕೂರೋದು ಕಲಿಸಿದಾರೆ ಅಂದನಂತೆ. ನಮ್ಮಮ್ಮ ಇದ್ದಿದ್ರೆ ಕೇಳಿಸ್ಕೋಬೇಕಿತ್ತು!"

ಆ ಯಜಮಾನ ಸವಾಯಿ ಎಂಬ ದ್ವೀಪದ ಒಂದು ಹಳ್ಳಿಯ ಮುಖಂಡ. ಸಮುದ್ರದಂಚಿನಲ್ಲಿ ಪ್ರವಾಸಿಗರಿಗೆ ನಾಲ್ಕು ಗುಡಿಸಲು ಕಟ್ಟಿಸಿದ್ದರು. ಅವರ ಹೆಂಡತಿ ಮಾತು ಕಡಿಮೆಯ ಅಜ್ಜಿ. ಮಗಳು ಶಾಲೆಯಲ್ಲಿ ಇಂಗ್ಲಿಷ್ ಟೀಚರು, ಮನೆಯವರಿಗೂ ಅತಿಥಿಗಳಿಗೂ ನಡುವೆ ಅವಳದ್ದೇ ಮಾತು. ನಮ್ಮವರು ಪ್ರತಿ ಸಲ ಹೋಗಿ ಇಳಿಯುತ್ತಿದ್ದುದು ಅಲ್ಲೇ.

ಅಲ್ಲಿನ ವರದಿಗಳೆಲ್ಲ ಫೋಟೋ ಸಮೇತ ಸೌತ್ ಬಿಗೆ ಬರುತ್ತಿದ್ದವು. ಕೆಸವಿನೆಲೆಯಲ್ಲಿ ತೆಂಗಿನ ಹಾಲು ತುಂಬಿ, ಕಾದ ಕಲ್ಲಿನ ಮೇಲೆ ಬೇಯಿಸಿದ್ದರ ಫೋಟೋ ಬಂದ ದಿನ ಹೆಂಡತಿ ಅದನ್ನು ನನಗೆ ತೋರಿಸಿದರು.

"ನೋಡಿ ಇದನ್ನ. ನಾನು ಪತ್ರೊಡೆ ಮಾಡಿದ್ರೆ ನಾಲಗೆ ತುರಿಸ್ತದೆ ಅಂತ ಮೂಗು ಮುರಿಯುವ ಜನ. ಅಲ್ಲಿಗೆ ಹೋಗಿ ಅದೇ ಕೆಸವು ತಿಂದು ನಂಗೇ ಫೋಟೋ ಕಳಿಸ್ತಾರೆ. ಸೂಪರ್ ಅಂತೆ!"

ಮಟಾಟುವಿಗೆ ಹೆದರುವವರು ಅಲ್ಲಿನ ಬಸ್ಸಿನಲ್ಲಿ ತಿರುಗುತ್ತಿದ್ದರು. ಅಲ್ಲಿ ಸೀಟು ತುಂಬಿದರೆ ನಿಲ್ಲುವ ಪದ್ಧತಿಯಿಲ್ಲ. ಬಂದವರು ಕೂತವರ ತೊಡೆಯ ಮೇಲೆ ಕೂರುತ್ತಾರೆ. ಒಮ್ಮೆ ಪೇಟೆಯಿಂದ ಬರುವಾಗ ಒಬ್ಬ ಭಾರೀ ಆಸಾಮಿ "ಕ್ಷಮಿಸಿ" ಎಂದು ನಮ್ಮವರ ತೊಡೆಯ ಮೇಲೆ ಕೂತು, ತನ್ನ ತೊಡೆಯ ಮೇಲೆ ಒಂದು ಮೂಟೆ ಗೆಣಸನ್ನೂ ಇಟ್ಟುಕೊಂಡನಂತೆ.

"ಇಳಿಯೋ ಜಾಗ ಬಂತು ಅಂತ ಹೇಗೆ ಹೇಳಿದ್ರಿ ಸರ್?" ಎಂದೆ.

"ಹೇಳಲಿಲ್ಲ. ಅವನು ಇಳಿಯೋ ತನಕ ಹೋದೆ. ಒಳ್ಳೆಯ ಊರು ಅದೂನೂ."

ಆಕ್ಲೆಂಡಿನಿಂದ ಕುಕ್ ದ್ವೀಪಗಳಿಗೆ ಹೋದ ವರ್ಷ ಇನ್ನೊಂದು ತೊಡಕಾಯಿತು. ಶನಿವಾರ ರಾತ್ರಿ ಅವರು ಊಟ ಮಾಡುವುದಿಲ್ಲ, ಒಪ್ಪತ್ತು. ಶನಿವಾರ ಹೊರಟ ವಿಮಾನ ದಿನರೇಖೆ ದಾಟಿ ಶುಕ್ರವಾರ ಇಳಿಯಿತು. ಮಾರನೆಯ ದಿನ ಮತ್ತೆ ಶನಿವಾರ. ಎರಡು ಶನಿವಾರವೂ ಒಪ್ಪತ್ತು ಮಾಡಿ, ಮೂರನೆಯ ದಿನ ಮನೆಗೆ ಫೋನ್ ಮಾಡಿ ಸರಿಯೇ ಎಂದು ಕೇಳಿದರು. ಹೆಂಡತಿ ಆ ಕಡೆಯಿಂದ, "ಒಂದು ಜಾಸ್ತಿ ಆಯ್ತಲ್ಲ, ಮುಂದಿನ ವಾರಕ್ಕೆ ಜಮಾ ಮಾಡ್ಕೊಳ್ತಾನೆ ದೇವರು. ಈಗ ಸುಮ್ನೆ ತಿನ್ನಿ," ಎಂದರು.

ಸಮೋವಾದಿಂದ ಅವರು ತಂದ ಒಂದು ಅಭ್ಯಾಸ ಕೊನೆಯ ತನಕ ಉಳಿಯಿತು. ಅಲ್ಲಿನ ಹಳ್ಳಿಗಳಲ್ಲಿ ಸಂಜೆ ಶಂಖ ಊದುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಪ್ರಾರ್ಥನೆ, ಯಾರೂ ಓಡಾಡುವಂತಿಲ್ಲ, ದಾರಿಯಲ್ಲಿದ್ದವರು ಅಲ್ಲೇ ಕೂರಬೇಕು. ನೈರೋಬಿಯ ಆಫೀಸಿನಲ್ಲಿ ಸಂಜೆ ಎಲ್ಲರೂ ಟ್ರಾಫಿಕ್ಕಿಗೆ ಮುಂಚೆ ಹೊರಡಲು ಓಡುವಾಗ ಅವರು ಕುರ್ಚಿಯಲ್ಲಿ ಕಾಲು ಮಡಚಿ ಸುಮ್ಮನೆ ಕೂತಿರುತ್ತಿದ್ದರು. ಜೊತೆಯಲ್ಲಿ ಕಾರಿನಲ್ಲಿ ಬರುವವರು ಬಾಗಿಲಲ್ಲಿ ನಿಂತು ಕರೆದರೆ "ಶಂಖ ಊದಿದೆ, ಇರಿ" ಎನ್ನುತ್ತಿದ್ದರು. ತಡವಾಗಿ ಹೊರಟರೂ ಅವರ ಕಾರು ಮನೆ ತಲುಪುತ್ತಿದ್ದುದು ಬೇರೆಯವರಷ್ಟೇ ಹೊತ್ತಿಗೆ. ಇದನ್ನು ನಾನು ಪರೀಕ್ಷಿಸಿದ್ದೇನೆ.

ನಿವೃತ್ತಿಯ ಹಿಂದಿನ ವರ್ಷ, ಜುಲೈಯಲ್ಲಿ ಅವರು ಸವಾಯಿಯಲ್ಲಿದ್ದಾಗಲೇ ಆ ಯಜಮಾನ ತೀರಿಕೊಂಡರು.

ನಮ್ಮವರು ಊರು ಬಿಟ್ಟು ಹೊರಡಲಿಲ್ಲ. ಮೂರು ದಿನ ಆ ಮನೆಯಲ್ಲಿ ಚಾಪೆಯ ಮೇಲೆ ಕೂತರು. ಊರೂರಿಂದ ನೆಂಟರು ಬಂದರು, ಪ್ರತಿ ಗುಂಪೂ ಸತ್ತವರ ಮುಂದೆ ಏನಾದರೂ ಇಟ್ಟು ಮಾತಾಡಿ ಕೂರುತ್ತಿತ್ತು. ನಮ್ಮವರ ಬಳಿ ಇಡಲು ಏನಿತ್ತು? ವಿಮಾನದ ಚಳಿಗೆಂದು ಒಂದು ಶಾಲು ಇತ್ತು, ಜರಿಯಂಚಿನದು, ಆ ವಂದನಾರ್ಪಣೆಯ ಹಬ್ಬದಲ್ಲಿ ನಾವೇ ಹೊದಿಸಿದ್ದು. ಅದನ್ನು ಬಿಡಿಸಿ ಯಜಮಾನರ ಎದೆಯ ಮೇಲೆ ಹೊದಿಸಿದರು. ಮಾತಾಡಲಿಲ್ಲ. ಮನೆಯ ಮುಂದಿನ ಅಂಗಳದಲ್ಲೇ ಮಣ್ಣು ಮಾಡಿದರು, ಅಲ್ಲಿ ಹಾಗೇ ಪದ್ಧತಿ. ಮಣ್ಣಾಗಿ ಜನ ಒಳಗೆ ಹೋಗುತ್ತಿದ್ದಂತೆ ನಮ್ಮವರು ಯಾರಿಗೂ ಹೇಳದೆ ಗುಡಿಸಲಿಗೆ ಹೋಗಿ, ಸ್ನಾನ ಮಾಡಿ, ಚೀಲ ಎತ್ತಿಕೊಂಡು ಬಸ್ ಹತ್ತಿದರು.

ಇದನ್ನು ಅವರು ನೈರೋಬಿಗೆ ಬಂದು ಸ್ವಲ್ಪ ಸಮಾಧಾನದಿಂದಲೇ ಹೇಳಿದರು. "ಸಾವಿನ ಮನೇಲಿ 'ಬರ್ತೀನಿ' ಅನ್ನೋ ಹಾಗಿಲ್ಲ, ಏನೂ ತಗೊಳ್ಳೋ ಹಾಗಿಲ್ಲ. ತಿರುಗಿ ನೋಡದೆ ಬಂದೆ." ಕೇಳಿದ ನಾವೆಲ್ಲ ಸರಿಯಾದದ್ದನ್ನೇ ಮಾಡಿದಿರಿ ಎಂದೆವು. ಹೆಂಡತಿಯೂ ಎಂದರು.

ಮುಂದಿನ ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ನಾನು ಅವರ ಮನೆಯಲ್ಲಿ ನೀರುದೋಸೆ ತಿನ್ನುತ್ತಿದ್ದೆ. ವಿಡಿಯೊ ಕರೆ ಬಂತು. ಟೀಚರು ಮಗಳು. ಅಲ್ಲಿ ಆಗಲೇ ರಾತ್ರಿ. ಪಕ್ಕದಲ್ಲಿ ಅಜ್ಜಿ ಕೂತಿದ್ದರು. ಕುಶಲ ವಿಚಾರಿಸುವುದು ಮುಗಿದ ಮೇಲೆ ಮಗಳು, "ಅಮ್ಮನಿಗೆ ಒಂದು ಮಾತು ಕೇಳಬೇಕಂತೆ. ಇಷ್ಟು ದಿನ ತಡೆದುಕೊಂಡಿದ್ದಳು," ಎಂದಳು. ಮಾತು ಇಂಗ್ಲಿಷಿನಲ್ಲಿತ್ತು, ಅದರ ಸಾರ ಇಷ್ಟು.

"ನಮ್ಮಿಂದ ಏನು ತಪ್ಪಾಯಿತು? ನೀವು ನಿಮ್ಮ ಹೊದಿಕೆಯನ್ನು ಅಪ್ಪನಿಗೆ ಕೊಟ್ಟಿರಿ. ಮಧ್ಯಾಹ್ನ ಬಂದವರಿಗೆಲ್ಲ ಚಾಪೆ ಕೊಡುವಾಗ ನಿಮ್ಮನ್ನು ಕರೆದೆವು. ನೀವಿರಲಿಲ್ಲ. ದೂರದಿಂದ ಬಂದವನನ್ನು ಬರಿಗೈಯಲ್ಲಿ ಕಳಿಸಿದ ಮನೆ ಅಂತ ಊರಿನವರು ಇವತ್ತಿಗೂ ಅಮ್ಮನಿಗೆ ಹೇಳುತ್ತಾರೆ. ನಿಮ್ಮ ಚಾಪೆ ಪೆಟ್ಟಿಗೆಯಲ್ಲೇ ಇದೆ."

ಆ ಚಾಪೆ ಹಾಸುವ ಚಾಪೆಯಲ್ಲ. ಕೇದಗೆ ಜಾತಿಯ ಗಿಡದ ಎಲೆಯನ್ನು ನೂಲಿನಷ್ಟು ಸಣ್ಣಗೆ ಸೀಳಿ, ಹೆಂಗಸರು ತಿಂಗಳುಗಟ್ಟಲೆ ನೇಯುವಂಥದ್ದು. ರೇಷ್ಮೆಯ ಹಾಗೆ ಮಡಚಬಹುದು, ಅಂಚಿಗೆ ಕೆಂಪು ಗರಿ. ಅಲ್ಲಿನ ಮದುವೆಯಲ್ಲೂ ಸಾವಿನಲ್ಲೂ ಕೊಟ್ಟು ತೆಗೆದುಕೊಳ್ಳುವ ದೊಡ್ಡ ಮರ್ಯಾದೆ ಅದು.

ನಮ್ಮವರ ಕೈಯಲ್ಲಿನ ದೋಸೆ ಹಾಗೇ ಉಳಿಯಿತು. ತಮ್ಮ ಕಡೆಯ ಪದ್ಧತಿ ವಿವರಿಸಿದರು. ದುಃಖದ ಮನೆಯಿಂದ ಹೇಳಿ ಹೊರಟರೆ ಮತ್ತೆ ಅಂಥದೇ ಕಾರಣಕ್ಕೆ ಬರುತ್ತೇನೆ ಎಂದ ಹಾಗೆ, ಅದಕ್ಕೇ ಹೇಳುವುದಿಲ್ಲ ಎಂದರು. ಮಗಳು ಅದನ್ನು ಅಜ್ಜಿಗೆ ತಿಳಿಸಿದಳು. ಅಜ್ಜಿ ಸ್ವಲ್ಪ ಯೋಚಿಸಿ ಏನೋ ಕೇಳಿದರು.

"ಹಾಗಾದರೆ ನಿಮ್ಮ ಊರಿನಲ್ಲಿ, ಹೋದವರು ಇನ್ನು ಬರುತ್ತಾರೋ ಇಲ್ಲವೋ ಅಂತ ಆ ಮನೆಯವರಿಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳ್ತಾಳೆ ಅಮ್ಮ."

ನಮ್ಮವರು ಮಾತನ್ನು ಚಾಪೆಯ ಕಡೆ ತಿರುಗಿಸಿದರು. ಚಾಪೆಯನ್ನು ಕೊರಿಯರ್ ಮಾಡಬಹುದೇ, ತಾನೇ ಏರ್ಪಾಡು ಮಾಡುತ್ತೇನೆ ಎಂದರು. ಮಗಳು ನಕ್ಕಳು. ಅದು ಕೈಯಿಂದ ಕೈಗೆ ಹೋಗಬೇಕು. ಊರಿನವರ ಮುಂದೆ ಕೊಡಬೇಕು. ಕೊಡುವವರು ಮಾತಾಡಬೇಕು, ತೆಗೆದುಕೊಳ್ಳುವವರು ಎದುರು ಮಾತಾಡಬೇಕು.

"ಮಾತಾಡಬೇಕಾ?" ಎಂದರು ನಮ್ಮವರು ಕನ್ನಡದಲ್ಲಿ, ನನ್ನ ಕಡೆ ತಿರುಗಿ.

ಕರೆ ಮುಗಿದ ಮೇಲೆ ಅಡುಗೆಮನೆಯಿಂದ ಹೆಂಡತಿಯ ಧ್ವನಿ ಬಂತು. "ಹೋಗೂದು ಬಿಡೂದು ನಿಮಗೆ ಬಿಟ್ಟದ್ದು. ಸೂತಕದ ಮನೆ ಚಾಪೆ ಈ ಹೊಸ್ತಿಲು ದಾಟಕೂಡದು."

ಆಮೇಲಿನ ವಾರಗಳಲ್ಲಿ ಅವರು ಶಂಖದ ಹೊತ್ತು ಮುಗಿದ ಮೇಲೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಒಂದು ಕಡೆ ತಮ್ಮಿಂದಾಗಿ ಊರಿನ ಮುಂದೆ ತಲೆ ತಗ್ಗಿಸಿ ಕೂತ ಅಜ್ಜಿ, ಇನ್ನೊಂದು ಕಡೆ ಹೊಸ್ತಿಲಲ್ಲಿ ನಿಂತ ಹೆಂಡತಿ. ನಡುವೆ ಭಾಷಣ ಬೇರೆ. ಹೆಂಡತಿ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದರು: "ನಿನ್ನೆ ಸಾರಿಗೆ ಉಪ್ಪು ಹಾಕಲೇ ಇಲ್ಲ ನಾನು, ಬೇಕಂತಲೇ. ಸುಮ್ನೆ ಉಂಡು ಎದ್ದ್ರು. ಮೂವತ್ತು ವರ್ಷದಲ್ಲಿ ಹೀಗೆ ಆದದ್ದಿಲ್ಲ."

ದಾರಿ ತೆಗೆದದ್ದೂ ಅವರೇ. ಒಂದು ಸಂಜೆ ಕ್ಯಾಲೆಂಡರ್ ಹಿಡಿದು ಬಂದು ಗಂಡನ ಮುಂದೆ ಇಟ್ಟರು.

"ಅವರು ಹೋದದ್ದು ಜುಲೈಯಲ್ಲಿ. ಬರುವ ಜುಲೈಗೆ ವರ್ಷ ತುಂಬ್ತದೆ. ವರ್ಷಾಂತಿಕ ಕಳೆದ ಮೇಲೆ ಎಂತ ಸೂತಕ? ವರ್ಷಾಂತಿಕಕ್ಕೆ ಹೋದವರು ಕೊಟ್ಟದ್ದನ್ನ ಬೇಡ ಅನ್ನಲಿಕ್ಕೂ ಇಲ್ಲ. ಆಗ ಹೋಗಿ ತಕೊಂಡು ಬನ್ನಿ."

"ಜುಲೈಗೆ ರಿಟೈರ್ ಆಗಿರ್ತೀನಿ ಕಣೇ. ಮನೆ ಖಾಲಿ ಮಾಡ್ಬೇಕು, ಊರಿಗೆ ಹೋಗ್ಬೇಕು..."

"ಖಾಲಿ ಮಾಡುವುದರಲ್ಲಿ ನಿಮ್ಮ ಕೈ ಎಂತ ಉಂಟು? ನೀವಿಲ್ಲದಿದ್ರೆ ಬೇಗ ಆಗ್ತದೆ."

ಅಷ್ಟು ಹೇಳಿ ಒಳಗೆ ಹೋಗಿ ತಮ್ಮ ತುರಿಮಣೆ ತಂದರು. ಉಡುಪಿಯಿಂದ ತಂದದ್ದು, ಮರದ ಮಣೆ, ಮುಂದೆ ಹಲ್ಲಿನ ಕಬ್ಬಿಣ. ಗಂಡ ಮೊದಲ ಪ್ರವಾಸದಲ್ಲಿ ಕಳಿಸಿದ ಒಂದು ಫೋಟೋದಲ್ಲಿ ಆ ಅಜ್ಜಿ ಹೀಗೇ ಒಂದು ಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಆ ಮಣೆಯ ಒಂದು ಕಾಲು ಸೊಟ್ಟಗಿತ್ತಂತೆ. ಅಷ್ಟು ವರ್ಷವೂ ಅದು ಇವರ ತಲೆಯಲ್ಲಿ ಉಳಿದಿತ್ತು.

"ಹೆಂಗಸರ ಮನೆಗೆ ಬರಿಗೈಯಲ್ಲಿ ಹೋಗೂದುಂಟಾ? ನನ್ನ ಕಡೆಯಿಂದ ಕೊಟ್ಟದ್ದು ಅನ್ನಿ. ಮಿಕ್ಸಿಯಲ್ಲಿ ತಿರುಗಿಸಿದ ಕಾಯಿ ಹಾಲು ಬಿಡೂದಿಲ್ಲ ಅಂತಲೂ ಹೇಳಿ."

ಹೀಗೆ ತುರಿಮಣೆ ಸೂಟ್‌ಕೇಸಿಗೆ ಹೋಯಿತು. ಸಮೋವಾದ ವಿಮಾನ ನಿಲ್ದಾಣದಲ್ಲಿ ಅದನ್ನು ಎಕ್ಸ್‌ರೇಯಲ್ಲಿ ನೋಡಿದ ಅಧಿಕಾರಿಣಿ ಪೆಟ್ಟಿಗೆ ತೆರೆಸಿದರಂತೆ. ಹೊರಗೆ ತೆಗೆದು, ನೆಲದ ಮೇಲಿಟ್ಟು, ತಾವೇ ಅದರ ಮೇಲೆ ಕೂತು ನೋಡಿ, ಜೊತೆಯವರನ್ನೂ ಕರೆದರು. ಮಣೆಯ ಮರಕ್ಕೆ ಔಷಧಿ ಹೊಡೆದು ವಾಪಸ್ ಕೊಟ್ಟರು. ಇದಕ್ಕೆ ಅವರ ಮಾತು ಬಿಟ್ಟರೆ ಬೇರೆ ಆಧಾರವಿಲ್ಲ.

ಮುಂದಿನದಕ್ಕೆ ಆಧಾರವಿದೆ. ಮಗಳು ತೆಗೆದ ವಿಡಿಯೊವನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ವರ್ಷದ ಪ್ರಾರ್ಥನೆ ಮುಗಿದ ದಿನ. ಕಂಬಗಳ ಮನೆಯಲ್ಲಿ ಸುತ್ತ ಊರಿನ ಹಿರಿಯರು ಕೂತಿದ್ದಾರೆ. ನಮ್ಮವರು ಬಿಳಿ ಪಂಚೆ, ಮೇಲೆ ಅಲ್ಲಿನವರು ಕೊಟ್ಟ ಹೂವಿನ ಶರ್ಟು. ಬೆನ್ನು ನೆಟ್ಟಗೆ, ಕಾಲು ಮಡಚಿ. ಮನೆಯ ಪರವಾಗಿ ಒಬ್ಬ ಮುದುಕ ಮಾತಾಡುತ್ತಾನೆ. ದೀರ್ಘವಾಗಿ, ನಿಧಾನವಾಗಿ, ನಡುನಡುವೆ ಹೆಸರುಗಳ ಸರಮಾಲೆ. ಅವು ಸತ್ತವರ ವಂಶದ ಹೆಸರುಗಳು ಎಂದು ಮಗಳು ಪಿಸುಗುಟ್ಟುವುದು ಕೇಳಿಸುತ್ತದೆ. ಇಬ್ಬರು ಹೆಂಗಸರು ಚಾಪೆಯನ್ನು ಬಿಡಿಸಿ, ಎತ್ತಿ ಹಿಡಿದು, ಅಂಚಿನ ಕೆಂಪು ಗರಿ ಅಲುಗುವ ಹಾಗೆ ನಡೆದು ತಂದು ಅವರ ಮುಂದೆ ಇಡುತ್ತಾರೆ. ಆಮೇಲೆ ಎಲ್ಲರೂ ಅವರನ್ನು ನೋಡುತ್ತಾರೆ.

ಅವರು ಬಾಯಿ ತೆರೆದರು. ಏನೂ ಬರಲಿಲ್ಲ. ನಾನು ನೋಡಿದ್ದ ಅದೇ ಮುಖ, ಗಣೇಶನ ಹಬ್ಬದ್ದು. ಯಾರೋ ಕೆಮ್ಮಿದರು. ಒಂದು ಕೋಳಿ ಒಳಗೆ ಬಂದು ಹೊರಗೆ ಹೋಯಿತು.

ಆಗ ಅವರ ಎರಡು ಕೈಗಳೂ ಎದ್ದು ಕಿವಿಗಳನ್ನು ಮುಟ್ಟಿದವು. ಬಾಯಿಂದ ಹೊರಟದ್ದು ಪ್ರವರ. ಎಂಟನೆಯ ವಯಸ್ಸಿನಲ್ಲಿ ಉಪನಯನದ ದಿನ ಕಲಿಸಿದ್ದು, ಹಿರಿಯರಿಗೆ ನಮಸ್ಕಾರ ಮಾಡುವಾಗ ಹೇಳುವುದು. ಮೂಲ ಋಷಿಗಳು, ಗೋತ್ರ, ಸೂತ್ರ, ಶಾಖೆ, ಕೊನೆಗೆ ಇಂಥ ಹೆಸರಿನ ನಾನು ಎಂದು. ಒಂದು ಕಡೆಯೂ ತಡವರಿಸಲಿಲ್ಲ. ಮುಗಿಸಿ ಹಣೆ ಚಾಪೆಗೆ ತಾಗುವ ಹಾಗೆ ಬಾಗಿದರು.

ಮಾತಾಡಿದ್ದ ಮುದುಕ ಮಗಳ ಕಡೆ ತಿರುಗಿ ಕೇಳಿದ, ಇವನು ಏನಂದ ಎಂದು. ಅವಳಿಗೆ ಒಂದಕ್ಷರ ಅರ್ಥವಾಗಿರಲಿಲ್ಲ. ಅಂದಾಜಿನ ಮೇಲೆ, "ತನ್ನ ಅಜ್ಜಂದಿರ ಹೆಸರು ಹೇಳಿದ ಅನ್ನಿಸುತ್ತೆ," ಎಂದಳು. ಅಂದಾಜು ತಪ್ಪಿರಲಿಲ್ಲ. ಮುದುಕ ತಲೆಯಾಡಿಸಿದ. "ಮಾಲೊ," ಎಂದ. ಅವರ ಭಾಷೆಯಲ್ಲಿ ಅದು ಶಹಭಾಸ್. ಸುತ್ತ ಕೂತವರೂ ಒಬ್ಬೊಬ್ಬರಾಗಿ ಅದನ್ನೇ ಅಂದರು.

ಅದರಿಂದ ಧೈರ್ಯ ಬಂತೋ ಏನೋ, ನಮ್ಮವರು ಮತ್ತೆ ನೆಟ್ಟಗೆ ಕೂತು, ಕೈಮುಗಿದು, ಸ್ಪಷ್ಟವಾದ ಕನ್ನಡದಲ್ಲಿ "ಎಲ್ಲರಿಗೂ ವಂದನೆಗಳು" ಎಂದರು. ಪೂರ್ತಿ ವಾಕ್ಯ.

ಹೊರಡುವ ದಿನ ಅವರು ಹೇಳಿ ಹೊರಟರು. ಅಜ್ಜಿಗೆ, ಮಗಳಿಗೆ, ಮುದುಕನಿಗೆ, ಅಂಗಳದ ಸಮಾಧಿಗೆ, ಬಸ್ಸಿನ ಡ್ರೈವರಿಗೂ. ಅಜ್ಜಿ ತುರಿಮಣೆಯ ಮೇಲೆ ಕೂತೇ ಕೈಯೆತ್ತಿದರು. ಆ ಫೋಟೋ ಸೌತ್ ಬಿಗೆ ಬಂದಾಗ ಹೆಂಡತಿ ಅದನ್ನು ದೊಡ್ಡದು ಮಾಡಿ ನೋಡಿ, "ಕಾಯಿ ಹಿಡಿಯುವ ಕ್ರಮ ಸ್ವಲ್ಪ ಬೇರೆ. ಆದ್ರೆ ಕೈ ಓಡ್ತದೆ ಆ ಹೆಂಗಸಿಗೆ," ಎಂದು ತೀರ್ಪು ಕೊಟ್ಟರು.

ಚಾಪೆ ನೈರೋಬಿಗೆ ಬಂದ ದಿನ ನಾನು ಅವರ ಸೂಟ್‌ಕೇಸ್ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ಹೆಂಡತಿ ಬಾಗಿಲಲ್ಲಿ ಗಂಡನನ್ನು ತಡೆದು, ಚೊಂಬಿನಿಂದ ಅರಿಶಿನದ ನೀರು ತೆಗೆದು ಆ ಸುರುಳಿಯ ಮೇಲೆ ಚಿಮುಕಿಸಿ, "ಬನ್ನಿ ಒಳಗೆ," ಎಂದರು. ಹೇಳಿದ್ದು ಚಾಪೆಗೆ. ಗಂಡ ಹಿಂದೆ ಹೋದರು.

ಒಳಗೆ ಬಿಡಿಸಿ ನೋಡಿದರು. ಹೆಂಡತಿ ಅಂಚನ್ನು ಬೆರಳಲ್ಲಿ ಉಜ್ಜಿ, ಗೋಡೆಗೆ ಚೆನ್ನಾಗಿರುತ್ತದೆ ಎಂದರು. ಗಂಡ ಬೇಡ ಎಂದರು. "ಇದು ಇಟ್ಕೊಳ್ಳೋದಲ್ಲ ಕಣೇ. ಮುಂದೆ ಒಂದು ಮನೆಗೆ ಒಳ್ಳೇದೋ ಕೆಟ್ಟದ್ದೋ ಆದಾಗ ಕೊಡೋದು. ಅವರು ಇನ್ನೊಬ್ಬರಿಗೆ. ಹಾಗೇ ಹೋಗ್ತಾ ಇರ್ಬೇಕಂತೆ."

"ಓ, ನಮ್ಮ ರವಿಕೆ ಕಣದ ಹಾಗೆ!" ಎಂದರು ಹೆಂಡತಿ. "ಮೊದಲೇ ಹೇಳೂದಲ್ವಾ? ನನ್ನ ಬೀರುವಿನಲ್ಲಿ ಇಪ್ಪತ್ತು ಉಂಟು ಅಂಥದ್ದು, ಒಂದನ್ನೂ ಯಾರೂ ಹೊಲಿಸಿಲ್ಲ. ಒಂದೇ ಜಾಗ್ರತೆ. ಕೊಟ್ಟವರಿಗೇ ವಾಪಸ್ ಹೋಗಬಾರದು."

ಆಮೇಲೆ ಅವರು ನೈರೋಬಿಯಿಂದ ಬೀಳ್ಕೊಂಡದ್ದು ಒಂದು ವಾರದ ಕಾರ್ಯಕ್ರಮ. ಬ್ಯಾಂಕಿನ ಪ್ರತಿ ಮೇಜಿಗೆ ಹೋದರು. ಕಾಂಪೌಂಡಿನ ಪ್ರತಿ ಮನೆಯ ಒಳಗೆ ಬಂದು ಚಪ್ಪಲಿ ಬಿಟ್ಟು ಕೂತು, ಎದ್ದು, "ಹೋಗಿ ಬರ್ತೀನಿ" ಎಂದರು. ಕೊಟ್ಟದ್ದನ್ನೆಲ್ಲ ತೆಗೆದುಕೊಂಡರು. ಚಹಾಪುಡಿ, ಕತ್ತಾಳೆ ಚೀಲಗಳು, ತರಕಾರಿ ಮಾರುವ ಹೆಂಗಸು ಕೊಟ್ಟ ಆರು ಬೆಣ್ಣೆಹಣ್ಣು. ಬೇಡ ಎನ್ನಲು ಅವರಿಗೆ ಈಗ ಭಯ. ಹೆಂಡತಿ ತೂಕದ ಯಂತ್ರದ ಪಕ್ಕದಲ್ಲಿ ನಿಂತು ಬೈಯುತ್ತಿದ್ದರು. ಹೊರಡುವ ಬೆಳಿಗ್ಗೆ ಗೇಟಿನ ಕಾವಲುಗಾರನ ಕೈ ಹಿಡಿದು, "ನಿತಾರುಡಿ," ಎಂದರು. ಅವರ ಸ್ವಾಹಿಲಿಯಲ್ಲಿ, ತಿರುಗಿ ಬರುತ್ತೇನೆ ಎಂದು.

ಕಾವಲುಗಾರ ಗಂಭೀರವಾಗಿ, "ಲಿನಿ?" ಎಂದ. ಯಾವಾಗ?

ಅವರು ಹೆಂಡತಿಯ ಮುಖ ನೋಡಿದರು. ಹೆಂಡತಿ ಕಾರಿನೊಳಗಿಂದ, "ಸುಳ್ಳು ಹೇಳ್ಬೇಡಿ, ಹತ್ತಿ," ಎಂದರು.

"ಸವಾ, ಸವಾ," ಸರಿ ಸರಿ, ಎಂದು ಕಾವಲುಗಾರ ನಗುತ್ತಾ ಗೇಟು ತೆಗೆದ.

ಈಗ ಅವರು ಮೈಸೂರಿನಲ್ಲಿದ್ದಾರೆ. ಚಾಪೆ ಬೀರುವಿನಲ್ಲಿ, ಹೆಂಡತಿಯ ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ, ರವಿಕೆ ಕಣಗಳ ಮೇಲಿತ್ತು. ಕಳೆದ ತಿಂಗಳು ಸವಾಯಿಯಿಂದ ಕರೆ ಬಂತು. ಅಜ್ಜಿಯ ಮೊಮ್ಮಗಳಿಗೆ ಡಿಸೆಂಬರಿನಲ್ಲಿ ಮದುವೆ. ನಮ್ಮವರು ಒಂದು ಸಂಶಯ ಕೇಳಿದರು. ಕೇಳಿಸಿದ್ದು ಹೆಂಡತಿ. ಅದೇ ಚಾಪೆಯನ್ನು ಅದೇ ಮನೆಗೆ ಉಡುಗೊರೆಯಾಗಿ ತಂದರೆ ಮರ್ಯಾದೆಗೆ ಕಡಿಮೆಯೇ? ಮಗಳು ಅಮ್ಮನನ್ನು ಕೇಳಿ ಹೇಳಿದಳು: ಕಡಿಮೆಯಲ್ಲ, ಹೆಚ್ಚು. ಅಷ್ಟು ದೂರ ಸುತ್ತಿ ಮನೆಗೆ ಬಂದ ಚಾಪೆ ತಮ್ಮ ಊರಿನಲ್ಲಿ ಇನ್ನೊಂದಿಲ್ಲ.

ಮಂಗಳವಾರ ಹೆಂಡತಿ ಕಳಿಸಿದ ಸಂದೇಶದ ಪ್ರಕಾರ ಟಿಕೆಟ್ ಆಗಿದೆ. ಒಂದೇ ಟಿಕೆಟ್. ಚಾಪೆ ಕೈಚೀಲದಲ್ಲಿ ಹೋಗುತ್ತದೆ.